ಮನೆ ಸಮೇತ

"ಒಂದ್ಸಲ ಮನೆ ಕಡೆ ಬಾರೆ" ಅಂತ ಕರೆದದ್ದೇನೋ ನಿಜ.
ಬಾಲ್ದೊಮೆರಾ ಮನೆ ಸಮೇತ ಬಂದಳು.

ಚಿಲೊಯೆ ದ್ವೀಪದಲ್ಲಿ ಇದು ಗಾದೆಯಲ್ಲ, ಸುದ್ದಿ.
ಇಲ್ಲಿ ಮನೆಗೆ ಬುನಾದಿಯಿಲ್ಲ,
ಗೂಟಗಳ ಮೇಲೆ ಕೂತಿರುತ್ತದೆ ಕಾವಿಗೆ ಕೂತ ಕೋಳಿಯ ಹಾಗೆ;
ಎಬ್ಬಿಸಿದರೆ ಏಳುತ್ತದೆ, ಗೊಣಗುತ್ತ.
ಎಬ್ಬಿಸಲು ಜನ ಬೇಕು. ಬಂದವರಿಗೆ ಕೂಲಿ ಕೊಡುವಂತಿಲ್ಲ.
ಮುಯ್ಯಾಳು: ಉಣಿಸಬೇಕು, ಕುಡಿಸಬೇಕು,
ಮುಂದೊಂದು ದಿನ ಅವರ ಹಗ್ಗಕ್ಕೂ ಹೆಗಲು ಕೊಡಬೇಕು.
ಮಿಂಗಾ ಅನ್ನುತ್ತೇವೆ ನಾವು.

ನಮ್ಮಿಬ್ಬರ ನಡುವೆ ಒಂದು ಕೊಲ್ಲಿ ಇತ್ತು.
ಇಪ್ಪತ್ತಾರು ವರ್ಷ ದಾಟಿದ್ದೇವೆ
ಹಿಡಿ ಉಪ್ಪಿಗೆ, ಒಂದಾಟ ಇಸ್ಪೀಟಿಗೆ,
ಗಂಡಂದಿರನ್ನು ಬೈಯುವುದಕ್ಕೆ,
ಅವಳ ಗಂಡ ಹೋದ ವರ್ಷ, ಸುಮ್ಮನೆ ಜೊತೆಗೆ ಕೂರುವುದಕ್ಕೆ.
ಕಳೆದ ಚಳಿಗಾಲ ಹನ್ನೊಂದು ದಿನ ದೋಣಿ ಇಳಿಸಲಾಗಲಿಲ್ಲ.
ಹನ್ನೆರಡನೆಯ ದಿನ ಶಾಲು ಹಿಂಡುತ್ತ ಅಂದಳು:
"ಸಾಕು ಮಾರಾಯ್ತಿ.
ನಿನ್ನ ಆಲೂಗಡ್ಡೆ ಮಡಿಯ ಪಕ್ಕ ಒಂದಿಷ್ಟು ಜಾಗ ಕೊಡು."

ಫೆಬ್ರವರಿಯ ಹುಣ್ಣಿಮೆ, ಕಡಲು ತುಂಬು ಭರತ.
ಎಂಟು ಜೋಡಿ ಎತ್ತು. ಹಗ್ಗದ ಮೇಸ್ತ್ರಿ ನನ್ನ ಗಂಡ ನೊಲ್ಬೆರ್ತೊ.
ಕಿಟಕಿ ಕಳಚಿದರು, ಒಲೆ ಇಳಿಸಿದರು.
ಮೇಜಿನ ಮೇಲೆ ಮಾತ್ರ
ಒಂದು ಲೋಟ ಸೇಬಿನ ಚೀಚಾ ತುಂಬಿಟ್ಟು ಅವಳ ಸವಾಲು:
ಹನಿ ಚೆಲ್ಲಿದರೂ ನೊಲ್ಬೆರ್ತೊ ಮೀಸೆ ಬೋಳಿಸತಕ್ಕದ್ದು.
ಆ ಮೀಸೆ ನಮ್ಮ ಮದುವೆಗಿಂತ ಹಳೆಯದು,
ಮದುವೆಗಿಂತ ಹೆಚ್ಚು ಆರೈಕೆ ಕಂಡದ್ದು.

ಮನೆ ಇಳಿಜಾರು ಇಳಿಯಿತು, ನಡುಗುತ್ತ, ಮುಲುಗುತ್ತ,
ದಿನ ತುಂಬಿದ ಬಸುರಿಯಂತೆ ಹೆಜ್ಜೆ ಅಳೆದು.
ನೀರಿಗೆ ಕಾಲಿಟ್ಟಾಗ ಎರಡೂ ದಡ ಉಸಿರು ಬಿಗಿಹಿಡಿಯಿತು.
ತೇಲಿತು!
ದೋಣಿಗಳು ಎಳೆದವು. ಅಟ್ಟದ ಕಿಂಡಿಯಲ್ಲಿ ಬಾಲ್ದೊಮೆರಾ
ಕೈ ಬೀಸುತ್ತಿದ್ದಳು, ತನ್ನ ದಿಬ್ಬಣದಲ್ಲಿ ತಾನೇ ಬೀಗಿತ್ತಿಯಾದವಳಂತೆ.
ಮಾಡಿನ ಮೇಲೆ ಒಂದು ಕಡಲಹಕ್ಕಿ, ಪುಕ್ಕಟೆ ಪ್ರಯಾಣ.

ಈ ದಡದಲ್ಲಿ ನಾನು ಬೆಳಗಿನಿಂದ ಗುಂಡಿಯ ಮುಂದೆ.
ಕಾದು ಕೆಂಪಾದ ಕಲ್ಲು, ಮೇಲೆ ನೀಲಿಕಲ್ಲು, ಚಿಪ್ಪು, ಹೊಗೆ ಹಿಡಿದ ಹಂದಿಮಾಂಸ,
ಆಲೂಗಡ್ಡೆ ತುರಿದು ತಟ್ಟಿದ ರೊಟ್ಟಿ,
ಕೊಡೆಯಷ್ಟಗಲ ನಾಲ್ಕಾ ಎಲೆ, ಅದರ ಮೇಲೆ ಹುಲ್ಲುಹೆಂಟೆ.
ಭೂಮಿಯೇ ಮುಚ್ಚಳ.
ತೆರೆದಾಗ ಎದ್ದ ಹಬೆಗೆ ಎತ್ತುಗಳೂ ತಲೆಯೆತ್ತಿದವು.

ಎಲಿಸೆಂದಾಳ ಅಕಾರ್ಡಿಯನ್ನಿನಲ್ಲಿ ಒಂದು ಮನೆ ಮೂಕ.
ಆ ಸ್ವರ ಬಂದಾಗಲೆಲ್ಲ ನಾವೇ ಬಾಯಲ್ಲಿ ತುಂಬುತ್ತೇವೆ,
ತುತ್ತು ನುಂಗಿದವರೂ, ನುಂಗದವರೂ.
ಈಗ ಅದು ಸರಿಯಾಗಿ ನುಡಿದರೆ
ಹಾಡು ಕೆಟ್ಟಿತು ಅಂದುಕೊಳ್ಳುತ್ತೇವೇನೋ.

ಆಮೇಲೆ ಲೋಟದ ಪಂಚಾಯಿತಿ.
ಮೇಜು ಒಣಗಿತ್ತು. ಹನಿಯ ಗುರುತಿಲ್ಲ.
ಲೋಟವೂ ಒಣಗಿತ್ತು.
ನಡುಕೊಲ್ಲಿಯಲ್ಲಿ ಹಗ್ಗ ನೋಡಿ ಬರುತ್ತೇನೆಂದು
ಒಳಗೆ ಹೋದವನು ಒಬ್ಬನೇ.
ಎಲಿಸೆಂದಾ ಬಗ್ಗಿ ಮೂಸಿದಳು: ಮೀಸೆಯ ತುಂಬ ಸೇಬು.
ಚೆಲ್ಲಿಲ್ಲ ಎಂಬುದು ಸತ್ಯ, ಉಳಿದಿಲ್ಲ ಎಂಬುದೂ ಸತ್ಯ;
ಅರ್ಧ ಮೀಸೆಗೆ ರಾಜಿಯಾಯಿತು.
ಎಡಗಡೆಯದ್ದನ್ನು ನಾನೇ ತೆಗೆದೆ.

ಮನೆ ಸೊಟ್ಟ ಕೂತಿದೆ ಅಂತ ಯಾರೋ ಕಂಡುಹಿಡಿದರು.
ಬಾಗಿಲು ಕಡಲಿಗಿರಬೇಕಿತ್ತು, ನನ್ನ ಅಡುಗೆಮನೆಗೆ ಬಂದಿದೆ.
ತಿರುಗಿಸೋಣವೆ? ಎತ್ತುಗಳು ಮಲಗಿದ್ದವು.
"ಬಿಡಿ" ಅಂದಳು, "ಕಡಲನ್ನು ಐವತ್ತು ವರ್ಷ ನೋಡಿಯಾಯಿತು."

ನಡುರಾತ್ರಿ, ಅಭ್ಯಾಸಬಲ:
ಅವಳನ್ನು ದೋಣಿಯ ತನಕ ಬಿಟ್ಟುಬರಲು ಲಾಂದ್ರ ಹಚ್ಚಿದೆ.
ಅವಳೂ ಬೂಟು ಮೆಟ್ಟಿ ದಡದತ್ತ ಹೊರಟಿದ್ದಳು.
ಅರ್ಧ ದಾರಿಯಲ್ಲಿ ನಿಂತೆವು.
ಆಚೆ, ಬೆಳದಿಂಗಳಲ್ಲಿ, ಒಂಬತ್ತು ಗೂಟ
ಏನನ್ನೂ ಹೊರದೆ.
ಒಂದು ಗಳಿಗೆ ನೋಡಿದೆವು.
ನಗು ಆಮೇಲೆ ಬಂತು.

ಅವಳ ಬಾಗಿಲಿಗೆ ಬಿಟ್ಟೆ, ಹದಿನೇಳು ಹೆಜ್ಜೆ.
ಕತ್ತಲಲ್ಲಿ ಒಬ್ಬಳೇ ಹೇಗೆ ಹೋಗ್ತೀಯ ಅಂತ
ಅವಳು ನನ್ನನ್ನು ಬಿಡಲು ಬಂದಳು, ಹದಿನೇಳು.
ಬಂದವಳನ್ನು ಒಂಟಿ ಕಳಿಸುವುದುಂಟೆ?
ನಾಲ್ಕನೆಯ ಸಲಕ್ಕೆ ಒಳಗಿನಿಂದ ಅರೆಮೀಸೆಯ ದನಿ:
"ನಾಳೆ ಇನ್ನೊಂದು ಮಿಂಗಾ ಮಾಡಿ ಎರಡೂ ಮನೆ ಅಂಟಿಸಿಬಿಡ್ತೀನಿ,
ಈಗ ಮಲಗಿ."